ಕೋಡಿಯ ಹಾದಿ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ನೆರೆ ಮತ್ತು ಮನೆಯ ನೆಲೆ

2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ತರಗತಿಯ ಹಾಜರಿ ಕರೆಯುವಾಗ ಯಳಂದೂರು ಕಡೆಯಿಂದ ಬರುವ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇರಲಿಲ್ಲ. ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು ತುಂಬಿ ಹರಿದಿದ್ದವು. ಯಳಂದೂರು ಪಟ್ಟಣ, ಅಗರ, ಮಾಂಬಳ್ಳಿ ಮೊದಲಾದ ಕಡೆಗಳಲ್ಲಿ ನೀರು ಮನೆಗಳ ಒಳಹೊಕ್ಕಿತ್ತು. ಹತ್ತು ದಿನಗಳ ಬಳಿಕ ಬಂದ ಒಬ್ಬ ವಿದ್ಯಾರ್ಥಿನಿ ನನ್ನ ಮೇಜಿನ ಮೇಲೆ ಉಬ್ಬಿಹೋದ ಒಂದು ಪುಸ್ತಕವನ್ನಿಟ್ಟಳು. ಗ್ರಂಥಾಲಯದಿಂದ ಎರವಲು ಪಡೆದಿದ್ದ, ಶಾಸನಗಳನ್ನು ಕುರಿತ ಪಠ್ಯವದು. ದಂಡ ಎಷ್ಟು ಕಟ್ಟಬೇಕೆಂದು ಕೇಳಿದ ಮೇಲೆ ಅವಳು ಕೇಳಿದ ಇನ್ನೊಂದು ಪ್ರಶ್ನೆ ಈ ಬರೆಹಕ್ಕೆ ಕಾರಣ. "ಸರ್, ನಮ್ಮ ಮನೆ ಇರೋ ಜಾಗ ನಮ್ಮ ತಾತನ ಕಾಲದಲ್ಲಿ ಗದ್ದೆ ಆಗಿತ್ತಂತೆ. ಗದ್ದೆ ಅಂದ್ರೇನೆ ನೀರಿನ ಜಾಗ ಅಲ್ವಾ? ಅಲ್ಲಿ ಮನೆ ಕಟ್ಟಬಾರದು ಅಂತ ಹಿಂದಿನೋರು ಎಲ್ಲೂ ಬರೆದಿಡಲಿಲ್ವಾ?"

ಶಾಸನ ಓದಿಸುವವನಿಗೆ ಇದಕ್ಕಿಂತ ನೇರವಾದ ಪ್ರಶ್ನೆ ಬರಲಾರದು. ಬರೆದಿಟ್ಟಿದ್ದಾರೆಯೇ? ಬರೆದಿಡದಿದ್ದರೆ ಆ ಕಟ್ಟಳೆ ಎಲ್ಲಿ ಉಳಿದಿತ್ತು, ಯಾವಾಗ ಅಳಿಯಿತು?

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡದ್ದು. ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿರುವ ಈ ಸೀಮೆಗೆ ಮುಂಗಾರು ದೊರೆಯುವುದು ಅಲ್ಪ. ಹಿಂಗಾರೇ ಹೆಚ್ಚಿನ ಆಸರೆ. ಇಲ್ಲಿನ ಎರಡು ಮುಖ್ಯ ಹೊಳೆಗಳೂ ದಕ್ಷಿಣದ ಬೆಟ್ಟಸಾಲಿನಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿಯುತ್ತವೆ. ಗುಂಡ್ಲುಪೇಟೆಯ ಪಕ್ಕದಲ್ಲಿ ಹಾದುಹೋಗುವ ಗುಂಡ್ಲುಹೊಳೆ, ಅಂದರೆ ಕೌಂಡಿನ್ಯೆ, ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ. ಚಾಮರಾಜನಗರ, ಯಳಂದೂರುಗಳ ನೆಲದಲ್ಲಿ ಹರಿಯುವ ಹೊನ್ನುಹೊಳೆ, ಅಂದರೆ ಸುವರ್ಣಾವತಿ, ಕೊಳ್ಳೇಗಾಲದ ಬಳಿ ಕಾವೇರಿಗೆ ಸೇರುತ್ತದೆ. (ಸಂಶೋಧಕರು ಕೊಳ್ಳೇಗಾಲದ ಕಡೆಯ ಗುಂಡಾಲ್ ಜಲಾಶಯವನ್ನು ಗುಂಡ್ಲುಹೊಳೆಯೊಂದಿಗೆ ಬೆರೆಸಿ ಬರೆದದ್ದನ್ನು ಕಂಡಿದ್ದೇನೆ, ಅವು ಬೇರೆ ಬೇರೆ.) ಈ ಎರಡೂ ಹೊಳೆಗಳು ವರ್ಷದ ಬಹುಭಾಗ ಸೊರಗಿರುತ್ತವೆ. ಮಳೆ ಕೈಕೊಟ್ಟ ವರ್ಷಗಳ ಸಾಲಿನಲ್ಲಂತೂ ಹೊಳೆಯೆಂಬುದು ಜಾಲಿಗಿಡ ಬೆಳೆದ ಒಂದು ತಗ್ಗು ಮಾತ್ರ.

ಬರಪೀಡಿತವೆಂದು ಹೆಸರಾದ ಸೀಮೆಯಲ್ಲಿ ನೆರೆಯ ನೆನಪು ಬೇಗ ಅಳಿಯುತ್ತದೆ. ಕೊಡಗಿನವನಿಗೋ ಕರಾವಳಿಯವನಿಗೋ ಪ್ರತಿ ಆಷಾಢವೂ ನೀರಿನ ಅಳತೆಯನ್ನು ನೆನಪಿಸುತ್ತದೆ. ಗುಂಡ್ಲುಪೇಟೆಯವನಿಗೆ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ನೆನಪಿಸುತ್ತದೆ. ಅಷ್ಟರಲ್ಲಿ ಒಂದು ತಲೆಮಾರು ಮನೆ ಕಟ್ಟಿ ಮುಗಿಸಿರುತ್ತದೆ.

ಇಲ್ಲಿ ಎರಡು ಬಗೆಯ ನೆರೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಂದು, ದೂರದ ಮಳೆಯ ನೆರೆ. ವಯನಾಡಿನಲ್ಲಿ ಮಳೆ ಸುರಿದರೆ ಕಬಿನಿ ಉಕ್ಕುತ್ತದೆ. ಕೊಡಗಿನಲ್ಲಿ ಸುರಿದರೆ ಕಾವೇರಿ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ನಂಜನಗೂಡಿನ ಮಲ್ಲನಮೂಲೆಯ ಬಳಿ ಹೆದ್ದಾರಿ ಮುಳುಗಿದ್ದೂ, ಕೊಳ್ಳೇಗಾಲ ತಾಲ್ಲೂಕಿನ ಹೊಳೆದಂಡೆಯ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿಗಳಿಗೆ ನೀರು ನುಗ್ಗಿದ್ದೂ ಈ ಬಗೆಯದು. ಇದಕ್ಕೆ ಮುನ್ಸೂಚನೆಯುಂಟು: ಜಲಾಶಯದಿಂದ ಇಷ್ಟು ಕ್ಯುಸೆಕ್ ಬಿಡಲಾಗುತ್ತಿದೆ ಎಂದು ಡಂಗುರವೋ ಧ್ವನಿವರ್ಧಕವೋ ಸಾರುತ್ತದೆ. ಇನ್ನೊಂದು, ಕೆರೆಯ ಕೋಡಿಯ ನೆರೆ. ಊರ ಮೇಲಿನ ಬೆಟ್ಟದಲ್ಲಿ ಒಂದೇ ಇರುಳು ಸುರಿದ ಮಳೆ ಕೆರೆಯಿಂದ ಕೆರೆಗೆ ಇಳಿದು, ಕೋಡಿಹಳ್ಳದ ಹಾದಿ ಹಿಡಿದು, ಬೆಳಗಿನ ಜಾವ ಬಾಗಿಲಿಗೆ ಬರುತ್ತದೆ. ಈ ಎರಡನೆಯದೇ ಚಾಮರಾಜನಗರ–ಗುಂಡ್ಲುಪೇಟೆಗಳ ಸ್ವಂತ ನೆರೆ. ನನ್ನ ವಿದ್ಯಾರ್ಥಿನಿಯ ಮನೆಗೆ ಬಂದದ್ದರಲ್ಲಿಯೂ ಹೊಳೆಯ ಪಾಲಿಗಿಂತ ಕೋಡಿಯ ಪಾಲೇ ಹೆಚ್ಚೆಂದು ಆ ಓಣಿಯನ್ನು ನೋಡಿದ ಮೇಲೆ ನನಗನ್ನಿಸಿತು.

ಕೋಡಿ ಎಂಬ ಶಬ್ದವನ್ನು ಗಮನಿಸೋಣ. ಕರಾವಳಿಯಲ್ಲಿ ಅದಕ್ಕೆ ತುದಿ, ಅಂಚು ಎಂಬ ಅರ್ಥ. ತಮಿಳಿನಲ್ಲಿಯೂ ಕೊನೆ, ಮೂಲೆ ಎಂಬ ಅರ್ಥಗಳಿವೆ. ಬಯಲುಸೀಮೆಯ ಕನ್ನಡದಲ್ಲಿ ಕೆರೆಯ ಏರಿಯ ತುದಿಯಲ್ಲಿ, ಹೆಚ್ಚಾದ ನೀರು ತಾನಾಗಿ ಹೊರಹರಿಯುವಂತೆ ಕಲ್ಲು ಹಾಸಿ ತಗ್ಗಿಸಿದ ಜಾಗವೇ ಕೋಡಿ. ತೂಬು ಮನುಷ್ಯನ ಇಚ್ಛೆಗೆ ತೆರೆಯುವಂಥದು. ಕೋಡಿ ನೀರಿನ ಇಚ್ಛೆಗೆ. ಕೆರೆ ಕೋಡಿ ಬಿದ್ದಿತೆಂದರೆ ಊರಿಗೆ ಹಬ್ಬ: ಬಾಗಿನ, ಪೂಜೆ, ಈಗಿನ ಕಾಲದಲ್ಲಿ ಶಾಸಕರ ಆಗಮನ. ಚಾಮರಾಜನಗರದ ಹತ್ತಿರವೇ ಕೋಡಿಮೋಳೆ ಎಂಬ ಊರಿದೆ. ಮೋಳೆ ಎಂಬುದು ಈ ಸೀಮೆಯಲ್ಲಿ ಉಪ್ಪಾರ ಸಮುದಾಯದವರ ಸಣ್ಣ ವಸತಿಗಳಿಗೆ ಸಲ್ಲುವ ಹೆಸರು. ನಾಡಿನ ಉದ್ದಗಲಕ್ಕೂ ಇರುವ ಕೋಡಿಹಳ್ಳಿಗಳಂತೆ ಇದೂ ತನ್ನ ನೀರಿನ ನೆಲೆಯನ್ನು ಹೆಸರಿನಲ್ಲಿಯೇ ಹೊತ್ತಿದೆ. ಹಳೆಗನ್ನಡದ ಪಳ್ಳ ಹಳ್ಳವಾಯಿತು, ಪಳ್ಳಿ ಹಳ್ಳಿಯಾಯಿತು; ಒಂದು ತಗ್ಗು, ಇನ್ನೊಂದು ವಸತಿ. ಉಚ್ಚಾರದಲ್ಲಿ ಇಷ್ಟು ಹತ್ತಿರವಿರುವ ಈ ಎರಡು ಶಬ್ದಗಳನ್ನು ನೆಲದ ಮೇಲೆ ದೂರವಿಡುವುದೇ ಹಿಂದಿನವರ ಕೆಲಸವಾಗಿತ್ತು.

ಇನ್ನು ಶಾಸನಗಳು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆಗಳ ಶಾಸನಗಳು ಸೇರಿವೆ. ಈ ಸೀಮೆಯ ದಾನಶಾಸನಗಳನ್ನು ಓದುವವರು ಸಾಮಾನ್ಯವಾಗಿ ರಾಜನ ಬಿರುದು, ದಾನಿಯ ವಂಶ, ಶಾಪಾಶಯಗಳಲ್ಲಿ ಆಸಕ್ತರಾಗಿ, ಎಲ್ಲೆಯನ್ನು ಹೇಳುವ ಭಾಗ ಬಂದೊಡನೆ ಪುಟ ತಿರುವುತ್ತಾರೆ. ನಾನೂ ಪಿಎಚ್.ಡಿ. ಕಾಲದಲ್ಲಿ ಹಾಗೆಯೇ ಮಾಡಿದವನು. ಆದರೆ ನೀರಿನ ವಿವರಗಳಿರುವುದು ಅಲ್ಲಿಯೇ. ಮೂಡಲಿಗೆ ಕೆರೆಯ ಏರಿ, ತೆಂಕಲಿಗೆ ಹಳ್ಳ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಕೋಡಿ ಎಂಬ ಬಗೆಯಲ್ಲಿ ಎಲ್ಲೆ ಸಾಗುತ್ತದೆ. ನೀರಿನ ಹಾದಿಯೇ ನೆಲದ ಗಡಿ. ಗಡಿಯ ಮೇಲೆ ಯಾರೂ ಮನೆ ಕಟ್ಟುವುದಿಲ್ಲ. ಕಟ್ಟಿದರೆ ಎರಡೂ ಕಡೆಯವರು ಕೇಳುತ್ತಾರೆ. ಹಳ್ಳವನ್ನು ಗಡಿಯಾಗಿಸಿದ್ದು ಹಳ್ಳವನ್ನು ಕಾಯುವ ಉಪಾಯವೆಂದು ನಾನು ಹೇಳುತ್ತಿಲ್ಲ. ಅದು ಅದರ ಫಲವಾಗಿತ್ತು, ಅಷ್ಟೆ.

ಗಂಗರ ಕಾಲದಿಂದಲೂ ಕಾಣುವ ಬಿತ್ತುವಟ್ಟ, ಆಮೇಲಿನ ಕೆರೆಗೊಡಗೆ, ಕಟ್ಟುಗೊಡಗೆಗಳು ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಕೊಟ್ಟ ಭೂಮಿಗಳು. ಅವು ಹೆಚ್ಚಾಗಿ ಅದೇ ಕೆರೆಯ ಕೆಳಗಿನ ಗದ್ದೆಗಳು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರದ ಬಹುಭಾಗ ಇಲ್ಲಿದೆ. "ಇಲ್ಲಿ ಮನೆ ಕಟ್ಟಬಾರದು" ಎಂಬ ನಿಷೇಧವನ್ನು ನಾನು ಯಾವ ಶಾಸನದಲ್ಲಿಯೂ ಓದಿಲ್ಲ. ಏಕೆಂದರೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಏರಿಯ ಕೆಳಗಿನ ಅಚ್ಚುಕಟ್ಟು ಊರಿನ ಅತ್ಯಂತ ಬೆಲೆಯುಳ್ಳ ನೆಲ. ಅದರ ಒಂದೊಂದು ಕೊಳಗದ ಬಿತ್ತನೆಗೂ ಲೆಕ್ಕವಿತ್ತು, ತೆರಿಗೆಯಿತ್ತು, ಹಕ್ಕುದಾರನಿದ್ದನು. ಬತ್ತ ಬೆಳೆಯುವ ನೆಲದಲ್ಲಿ ಗೋಡೆ ಎಬ್ಬಿಸುವುದು ಪಾಪವೆನ್ನುವುದಕ್ಕಿಂತ ಮೊದಲು ಪೆದ್ದುತನ. ಮನೆಗಳೆಲ್ಲ ಬಿಳಿಯ ಕಲ್ಲುನೆಲದ, ಏನೂ ಬೆಳೆಯದ ದಿಬ್ಬದ ಮೇಲೆ ಒತ್ತಿಕೊಂಡು ನಿಂತವು. ನೆರೆಯ ಭಯಕ್ಕಿಂತ ಬತ್ತದ ಬೆಲೆಯೇ ಊರನ್ನು ಎತ್ತರದಲ್ಲಿಟ್ಟಿತು. ಕಟ್ಟಳೆ ಅಕ್ಷರದಲ್ಲಿರಲಿಲ್ಲ, ಕಂದಾಯದಲ್ಲಿತ್ತು.

ಶಾಸ್ತ್ರಗ್ರಂಥಗಳು ಏನು ಹೇಳುತ್ತವೆ? ಕೌಟಿಲ್ಯನ ಅರ್ಥಶಾಸ್ತ್ರ ನಮಗೆ ದೊರೆತದ್ದೇ ಮೈಸೂರಿನಲ್ಲಿ. ಓರಿಯಂಟಲ್ ಲೈಬ್ರರಿಯ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣದಲ್ಲಿ ದೈವಿಕ ವಿಪತ್ತುಗಳ ಪ್ರಕರಣವಿದೆ. ಮಳೆಗಾಲದಲ್ಲಿ ಹೊಳೆದಂಡೆಯ ಗ್ರಾಮಗಳವರು ನೀರಿನ ದಡದಿಂದ ಸರಿದು ವಾಸಿಸಬೇಕೆಂದೂ, ಮರದ ದಿಮ್ಮಿ, ಬಿದಿರು, ದೋಣಿಗಳನ್ನು ಸಿದ್ಧವಾಗಿರಿಸಿಕೊಳ್ಳಬೇಕೆಂದೂ ಅಲ್ಲಿ ವಿಧಿಸಿದೆ. ನೀರಿನಲ್ಲಿ ಕೊಚ್ಚಿಹೋಗುವವರ ನೆರವಿಗೆ ಹೋಗದವನಿಗೆ ಹನ್ನೆರಡು ಪಣಗಳ ದಂಡ, ತೆಪ್ಪವಿಲ್ಲದವನಿಗೆ ವಿನಾಯಿತಿ. ಈ ವಿನಾಯಿತಿಯನ್ನು ಓದಿದಾಗಲೆಲ್ಲ ಇದನ್ನು ಬರೆದವನು ನೆರೆಯನ್ನು ಕಣ್ಣಾರೆ ಕಂಡವನಿರಬೇಕು ಎನಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿನ ವಿಧಿ ಋತುಮಾನದ್ದು. ದಡದಲ್ಲಿ ಎಂದೂ ಇರಕೂಡದೆಂದಲ್ಲ, ಮಳೆಗಾಲದಲ್ಲಿ ಸರಿಯಬೇಕೆಂದು. ಮಣ್ಣು, ಬಿದಿರು, ಹುಲ್ಲಿನ ಮನೆಗಳ ಕಾಲಕ್ಕೆ ಅದು ಸಾಧ್ಯವಿತ್ತು. ತಾರಸಿ ಮನೆ ಸರಿಯಲಾರದು.

ಕೆರೆ ನಿರ್ಮಾಣದ ವಿಷಯದಲ್ಲಿ ಬಹುಪ್ರಸಿದ್ಧವಾದುದು 1369ರ ಪೋರುಮಾಮಿಳ್ಳ ಶಾಸನ. ಕಡಪ ಸೀಮೆಯಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ದಂಡೆಯ ಈ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಒಸರುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಣ್ಣೆ, ನೆಲ ಹೆಚ್ಚಾಗಿ ನೀರು ಕಡಿಮೆಯಾಗುವುದು, ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದು — ಇವು ದೋಷಗಳು. ಕೊನೆಯದನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ಹರಡಿಕೊಳ್ಳಲು ಎಡೆಯಿಲ್ಲದ ನೀರು. ಇದಕ್ಕೂ ಹಿಂದೆ, ಗಿರಿನಗರದ ಸುದರ್ಶನ ತಟಾಕ ಬಿರುಮಳೆಗೆ ಒಡೆದದ್ದನ್ನೂ ಪ್ರಜೆಗಳ ಮೇಲೆ ಹೊರೆ ಹೊರಿಸದೆ ಅದನ್ನು ಮತ್ತೆ ಕಟ್ಟಿಸಿದ್ದನ್ನೂ ರುದ್ರದಾಮನ ಕ್ರಿ.ಶ. 150ರ ಶಾಸನ ಹೇಳುತ್ತದೆ. ಕೆರೆ ಒಡೆಯುವುದು ನಮ್ಮ ಪೂರ್ವಿಕರಿಗೆ ಅನಿರೀಕ್ಷಿತವಾಗಿರಲಿಲ್ಲ.

ವಾಸ್ತುವಿನ ಬಗ್ಗೆ ಒಂದು ಮಾತು. ನೆರೆಯ ಚರ್ಚೆ ಬಂದಾಗಲೆಲ್ಲ "ವಾಸ್ತು ಪ್ರಕಾರ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನುವವರಿದ್ದಾರೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ಇಮ್ಮಡಿ ಚಾವುಂಡರಾಯನ ಲೋಕೋಪಕಾರ ವಾಸ್ತು, ಅಂತರ್ಜಲ, ವೃಕ್ಷವಿದ್ಯೆ, ಅಡುಗೆಗಳವರೆಗೆ ಬದುಕಿನ ವಿಷಯಗಳನ್ನೆಲ್ಲ ಒಂದೆಡೆ ತಂದಿತು. ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ವಾಸ್ತುಪರಂಪರೆಯ ಸಾಮಾನ್ಯ ನಿಯಮ, ನಿವೇಶನ ಉತ್ತರಕ್ಕೋ ಪೂರ್ವಕ್ಕೋ ಇಳಿಜಾರಾಗಿದ್ದರೆ ಶುಭ ಎಂಬುದು. ಗುಂಡ್ಲುಹೊಳೆಯೂ ಸುವರ್ಣಾವತಿಯೂ ಹರಿಯುವುದೇ ಉತ್ತರಕ್ಕೆ. ಅಂದಮೇಲೆ ಈ ಸೀಮೆಯ ಎಷ್ಟೋ ಹಳ್ಳಗಳ ಪಾತ್ರ ವಾಸ್ತುದೃಷ್ಟಿಯಿಂದ ಶುಭಲಕ್ಷಣದ ನಿವೇಶನವೇ ಆಗುತ್ತದೆ! ದಿಕ್ಕನ್ನು ನೋಡುವ ಶಾಸ್ತ್ರಕ್ಕೂ ಕೋಡಿಯನ್ನು ನೋಡುವ ಅನುಭವಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದನ್ನು ಬಲ್ಲವನು ನೀರಗಂಟಿ. ಅವನ ಜ್ಞಾನ ಯಾವ ಗ್ರಂಥಕ್ಕೂ ಏರಲಿಲ್ಲ.

ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ನೋಡಿದವರಿಗೆ ಇನ್ನೊಂದು ವಿಷಯ ಹೊಳೆಯುತ್ತದೆ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ತಂದೆಯ ನೆನಪಿಗೆ ಹೊಳೆಯ ಮಗ್ಗುಲಲ್ಲಿ ಕಟ್ಟಿಸಿದ ಈ ಗುಡಿ ಎತ್ತರವಾದ ಕಲ್ಲಿನ ಅಧಿಷ್ಠಾನದ ಮೇಲೆ ನಿಂತಿದೆ. ಅದರ ಸುತ್ತಲಿನ ವಸತಿ ಕಾಲಾಂತರದಲ್ಲಿ ಬರಿದಾಗಿ, ಮೂರ್ತಿಯನ್ನು ಊರೊಳಗಿನ ವಿಜಯನಾರಾಯಣ ದೇವಾಲಯಕ್ಕೆ ಸಾಗಿಸಲಾಯಿತು. ಜನ ಹೋದರೂ ಗುಡಿ ನಿಂತಿತು. ನಮ್ಮ ಸೀಮೆಯಲ್ಲಿ ಹೊಳೆಯ ಹತ್ತಿರ ಉಳಿದಿರುವ ಹಳೆಯ ಕಟ್ಟಡಗಳೆಂದರೆ ಇಂಥ ಕಲ್ಲಿನ ಗುಡಿಗಳು, ಮಂಟಪಗಳು, ಸೋಪಾನಗಳು. ನೀರಿನ ಸಮೀಪ ದೇವರಿಗೆ ಎಡೆ ಕೊಟ್ಟವರು ತಮ್ಮ ಅಡುಗೆಮನೆಗೆ ಕೊಡಲಿಲ್ಲ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡಲು ವಿದ್ಯಾರ್ಥಿಗಳನ್ನು ಪ್ರತಿವರ್ಷ ಕರೆದೊಯ್ಯುವಾಗ, ಸಂಚಿಯ ಹೊನ್ನಮ್ಮನ ಊರಿದು ಎಂದು ಹೇಳಿ ಮುಗಿಸುತ್ತಿದ್ದೆ. 2022ರ ಬಳಿಕ ಆ ಪಟ್ಟಣದ ಹಳೆಯ ಬೀದಿಗಳ ಏರಿಳಿತವನ್ನೂ ನೋಡಿರೆಂದು ಹೇಳತೊಡಗಿದ್ದೇನೆ.

ಲಿಖಿತ ದಾಖಲೆಯಾಗಿ ಹಳ್ಳದ ಹಾದಿ ಮೊದಲು ಕಾಣಿಸಿಕೊಳ್ಳುವುದು 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಂದಾಯ ಸರ್ವೆಯಿಂದ. ಸರಪಳಿ ಹಿಡಿದು ಅಳೆದ ಸರ್ವೆಯವರು ಸಾಗುವಳಿಗೆ ಬಾರದ ನೆಲವನ್ನು ಖರಾಬು ಎಂದು ಬರೆದರು. ಅದರಲ್ಲಿ ಎರಡು ಬಗೆ: ಕಲ್ಲುಬಂಡೆಯಂಥ ಉಳುಮೆಗೆ ಒದಗದ ನೆಲ 'ಎ' ಖರಾಬು, ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ 'ಬಿ' ಖರಾಬು. ಒಂದು ಸರ್ವೆ ನಂಬರಿನ ಟಿಪ್ಪಣಿಯನ್ನೂ ಆಕಾರ್‌ಬಂದನ್ನೂ ತೆಗೆದು ನೋಡಿದರೆ, ಈಗ ಕಣ್ಣಿಗೆ ಕಾಣದ ಹಳ್ಳ ಅಲ್ಲಿ ಎರಡು ಗೆರೆಯಾಗಿ ಹರಿಯುತ್ತಿರುತ್ತದೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಅಲ್ಲಿನ ಕನ್ನಡಿಗರು ಅದೇ ಬಗೆಯ ನೆಲವನ್ನು ಪುರಂಬೋಕು ಎಂದರು. ಹೆಸರು ಎರಡಾದರೂ ಎರಡು ಸರ್ಕಾರಗಳಿಗೂ ಅದು ತೆರಿಗೆ ಕೊಡದ ನೆಲ. ತೆರಿಗೆ ಕೊಡದ್ದಕ್ಕೆ ಯಜಮಾನನಿಲ್ಲ. ಯಜಮಾನನಿಲ್ಲದ್ದನ್ನು ಒತ್ತುವುದು ಸುಲಭ. ಶಾಸನಕಾಲದಲ್ಲಿ ಗಡಿಯಾಗಿ ಎರಡು ಕಡೆಯವರ ಕಾವಲಿನಲ್ಲಿದ್ದ ಹಳ್ಳ, ಸರ್ವೆಕಾಲದಲ್ಲಿ ಯಾರದೂ ಅಲ್ಲದ ನೆಲವಾಯಿತು.

ಅದೇ ದಶಕದಲ್ಲಿ, 1866ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಸಂಸ್ಥಾನದ ಸುಮಾರು ಶೇ. 60ರಷ್ಟು ನೆಲ ಕೆರೆಗಳ ವ್ಯವಸ್ಥೆಯೊಳಗೆ ಬಂದಿದೆಯೆಂದೂ ಹೊಸದೊಂದು ಕೆರೆಗೆ ಎಡೆ ಹುಡುಕುವುದೇ ಕಷ್ಟವೆಂದೂ ಬರೆದರು. ಸರಮಾಲೆಯ ಕೆರೆಗಳಲ್ಲಿ ಒಂದರ ಕೋಡಿ ಇನ್ನೊಂದರ ಒಳಹರಿವು. ಮೇಲಿನದು ಒಡೆದರೆ ಕೆಳಗಿನವು ಸಾಲಾಗಿ ಒಡೆಯುವ ಅಪಾಯ. ಆದ್ದರಿಂದ ಕೋಡಿಹಳ್ಳ ಒಂದೂರಿನ ವಿಷಯವಲ್ಲ. ನಮ್ಮೂರ ಹಳ್ಳಕ್ಕೆ ಗೋಡೆ ಅಡ್ಡ ಬಂದರೆ ನೀರು ಪಕ್ಕದೂರಿನ ಬೀದಿ ಹುಡುಕುತ್ತದೆ. 1911ರಲ್ಲಿ ಕೆರೆ ಪಂಚಾಯ್ತಿಗಳಿಗಾಗಿ ಮೈಸೂರು ಒಂದು ಕಾಯಿದೆಯನ್ನೇ ತಂದಿತಾದರೂ ಅದರ ಗಮನ ದುರಸ್ತಿ ಮತ್ತು ನೀರಿನ ಹಂಚಿಕೆಯ ಕಡೆಗಿತ್ತು.

1924ರ ಜುಲೈ ತಿಂಗಳ ಕಾವೇರಿ ಪ್ರವಾಹವನ್ನು ಇಲ್ಲಿ ಸ್ಮರಿಸಲೇಬೇಕು. ಆ ವರ್ಷದ ಫೆಬ್ರವರಿ 18ರಂದು ಮೈಸೂರು, ಮದರಾಸುಗಳು ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ನೀರನ್ನು ಹೇಗೆ ಹಂಚಿಕೊಳ್ಳಬೇಕೆಂದು ಪುಟಗಟ್ಟಲೆ ಬರೆದ ಐದು ತಿಂಗಳಿಗೆ ಹಂಚಿಕೊಳ್ಳಲಾರದಷ್ಟು ನೀರು ಬಂತು. ಕನ್ನಂಬಾಡಿ ಕಟ್ಟೆ ಆಗಿನ್ನೂ ಪೂರ್ಣಗೊಂಡಿರಲಿಲ್ಲ. ಮಲೆಯಾಳಿಗಳು ಇಂದಿಗೂ ಅದನ್ನು ಕೊಲ್ಲವರ್ಷ 1099ರ ಲೆಕ್ಕದಲ್ಲಿ ತೊಂಬತ್ತೊಂಬತ್ತರ ಪ್ರಳಯವೆನ್ನುತ್ತಾರೆ. ಕೊಳ್ಳೇಗಾಲದ ಹೊಳೆದಂಡೆಯಲ್ಲಿ ಹಳೇ ಅಣಗಳ್ಳಿ, ಹೊಸ ಅಣಗಳ್ಳಿ. ಹಳೇ ಹಂಪಾಪುರ, ಹೊಸ ಹಂಪಾಪುರ ಎಂಬ ಜೋಡಿ ಹೆಸರುಗಳಿವೆ. ಸ್ಥಳನಾಮಗಳ ಅಭ್ಯಾಸಿಗಳಿಗೆ ಇವು ಬಹುಮುಖ್ಯ. 'ಹಳೇ' ಎಂಬ ವಿಶೇಷಣ ಹುಟ್ಟಬೇಕಾದರೆ ಜನ ಎಲ್ಲಿಗೋ ಹೋಗಿ ಹೊಸದನ್ನು ಕಟ್ಟಿರಬೇಕು. ಹೋದವರಷ್ಟೇ ಮುಖ್ಯರಾದವರು ಹೋಗದೆ ಉಳಿದವರು. ಮೇಲಿನ ಜಾಗದಲ್ಲಿ ನಿವೇಶನ ಸಿಕ್ಕಿದರೂ ಹೊಲ, ದನ, ಕಸುಬು ಹೊಳೆಯ ಕಡೆಗೇ ಇದ್ದರೆ ಮನುಷ್ಯ ಹಿಂದಿರುಗುತ್ತಾನೆ. ಶಿವನಸಮುದ್ರದ ಬಳಿ 1830ರ ಆಸುಪಾಸಿನಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ, ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಅನೇಕ ನೆರೆಗಳನ್ನು ಕಂಡು, 2018ರ ಪ್ರವಾಹದಲ್ಲಿ ಒಂದು ಭಾಗವನ್ನು ಕಳೆದುಕೊಂಡಿತು.

ಈಗಿನ ಕಾಯಿದೆಗಳಿಗೆ ಬರೋಣ. ನೆರೆಬಯಲನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡಗಳನ್ನು ನಿಯಂತ್ರಿಸುವ ಮಾದರಿ ಮಸೂದೆಯೊಂದನ್ನು ಕೇಂದ್ರವು 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿತು. ಅದನ್ನು ಕಾಯಿದೆಯಾಗಿಸಿದ ರಾಜ್ಯಗಳು ಮಣಿಪುರ, ರಾಜಸ್ಥಾನದಂಥ ಕೆಲವೇ, ಕರ್ನಾಟಕ ಅವುಗಳಲ್ಲಿಲ್ಲ. ನಮ್ಮಲ್ಲಿರುವುದು ಕೆರೆಗಳ ಕಾಯಿದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡವನ್ನು ನಿಷೇಧಿಸಿತು. ಅದರಲ್ಲಿ ಕೆರೆಯ ವ್ಯಾಖ್ಯೆ ವಿದ್ಯಾರ್ಥಿಗಳು ಓದಬೇಕಾದಂಥದು: ನೀರಿರಲಿ ಇಲ್ಲದಿರಲಿ ಅದು ಕೆರೆಯೇ, ಏರಿ, ಕೋಡಿ, ತೂಬು, ಒಳಹರಿವು, ಹೊರಹರಿವುಗಳೆಲ್ಲ ಅದರ ಅಂಗಗಳೇ. ಬರಸೀಮೆಗೆ ಇದಕ್ಕಿಂತ ತಕ್ಕ ವ್ಯಾಖ್ಯೆ ಬೇರೊಂದಿಲ್ಲ. ಬೆಂಗಳೂರಿಗೆ ಸಂಬಂಧಿಸಿ 2016ರಲ್ಲಿ ಹಸಿರು ನ್ಯಾಯಮಂಡಳಿ ಈ ಅಂತರವನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ 30 ಮೀಟರನ್ನೂ ಇಳಿಸುವ ತಿದ್ದುಪಡಿ ಮಸೂದೆ ಬಂದಿತು. ಸಣ್ಣ ಕೆರೆಗೆ ಸಣ್ಣ ಅಂತರ ಎಂಬ ತರ್ಕ ಕೇಳುವುದಕ್ಕೆ ಸರಿಯೆನಿಸುತ್ತದೆ. ಆದರೆ ಸರಮಾಲೆಯ ಕೊನೆಯ ಸಣ್ಣ ಕೆರೆಗೆ ಮೇಲಿನ ಎಲ್ಲ ಕೆರೆಗಳ ಕೋಡಿಯ ನೀರು ಬರುತ್ತದೆ. ವಿಸ್ತೀರ್ಣ ಎಕರೆಗಳಲ್ಲಿದೆ, ನೀರು ಜಲಾನಯನದಲ್ಲಿದೆ.

ಇಷ್ಟಾಗಿಯೂ ಹಳ್ಳಿಯಲ್ಲಿ ಮನೆಗೆ ಪರವಾನಗಿ ಕೊಡುವುದು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಪ್ರಕರಣ ಆ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ. ಅರ್ಜಿಯೊಂದಿಗೆ ಖಾತೆ ಕೇಳುತ್ತಾರೆ, ಇ-ಸ್ವತ್ತು ಕೇಳುತ್ತಾರೆ, ತೆರಿಗೆ ರಸೀದಿ ಕೇಳುತ್ತಾರೆ. ಕೋಡಿ ಎಷ್ಟು ದೂರವಿದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನನ್ನದೇ ಉದಾಹರಣೆ ಹೇಳುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ನಾನೂ ಒಂದು ನಿವೇಶನಕ್ಕೆ ಮುಂಗಡ ಕೊಟ್ಟೆ. ಕಾಗದಪತ್ರಗಳೆಲ್ಲ ಸರಿಯಿದ್ದವು, ಭೂಪರಿವರ್ತನೆಯ ಆದೇಶವಿತ್ತು, ನಕ್ಷೆಯಲ್ಲಿ ಉದ್ಯಾನವನವೂ ಇತ್ತು. ನಾನು ನಿವೇಶನ ನೋಡುತ್ತಿದ್ದಾಗ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು ಹೇಳಿದರು: "ಇಲ್ಲಿ ಮನ ಕಟ್ಬುಟ್ಟು ಆಮೇಲ ನೀರ್ನ ಬೈದ್ರ ಏನ್ ಬಂತು ಮೇಷ್ಟ್ರೇ? ಅದು ತನ್ನ ದಾರೀಲಿ ತಾನ್ ಹೋಯ್ತದ." ನಾನು ಮುಂಗಡವನ್ನು ಬಿಟ್ಟುಕೊಟ್ಟೆ. ಆ ನಿವೇಶನವನ್ನು ಬೇರೆ ಯಾರೋ ಕೊಂಡರು. ಅವರಿಗೆ ಆ ಮುದುಕರು ಸಿಗಲಿಲ್ಲವೆಂದು ಕಾಣುತ್ತದೆ. ಈಗ ಅಲ್ಲಿ ಮನೆಯಿದೆ.

ಕೋಡಿಯ ಕೆಳಗೆ ಮನೆ ಕಟ್ಟಿದವರನ್ನೆಲ್ಲ ದುರಾಸೆಯವರೆನ್ನುವುದು ಅನ್ಯಾಯ. ಹಳೆಯ ಗ್ರಾಮಠಾಣದ ಎತ್ತರದ ನೆಲ ಯಾರಿಗೆ ದಕ್ಕಿತ್ತು, ಕೇರಿಗಳು ಯಾವ ಮಗ್ಗುಲಿಗಿದ್ದವು ಎಂಬುದನ್ನು ಒಮ್ಮೆ ಊರು ಸುತ್ತಿದರೆ ಯಾರಾದರೂ ಕಾಣಬಹುದು. ನಿವೇಶನವಿಲ್ಲದವರಿಗೆ ಜನತಾ ಮನೆ, ಆಶ್ರಯ ಮನೆಗಳ ಕಾಲದಲ್ಲಿ ಹಂಚಲು ಸಿಕ್ಕಿದ್ದು ಸರ್ಕಾರಿ ನೆಲ. ಊರಲ್ಲಿ ಉಳಿದಿದ್ದ ಸರ್ಕಾರಿ ನೆಲವೆಂದರೆ ಎಷ್ಟೋ ಕಡೆ ಹಳ್ಳದ ಅಂಚು, ಕೆರೆಯ ಮಗ್ಗುಲು. ಮನೆಯ ಹಕ್ಕುಪತ್ರ ಕೈಗೆ ಬಂದ ದಿನ ಸಂಭ್ರಮಪಟ್ಟ ಕುಟುಂಬವನ್ನು, ನೀರು ಬಂದ ದಿನ ನೀವೇಕೆ ಇಲ್ಲಿದ್ದೀರಿ ಎಂದು ಕೇಳುವ ಬಾಯಿ ನಮಗಿಲ್ಲ. ನನ್ನ ವಿದ್ಯಾರ್ಥಿನಿಯ ತಾತ ಆ ಗದ್ದೆಯ ಒಡೆಯರಲ್ಲ, ಅದರಲ್ಲಿ ಕೂಲಿ ಮಾಡಿದವರು. ಗದ್ದೆಗೆ ಬೆಲೆ ಹೋದ ಮೇಲೆ, ಅದು ಸೀಳು ಸೀಳಾಗಿ ಮಾರಾಟವಾದಾಗ, ಅವರ ಮಗನಿಗೆ ಮೊದಲ ಬಾರಿಗೆ ಸ್ವಂತ ನೆಲವೆಂಬುದು ದೊರೆತದ್ದು ಅಲ್ಲಿ.

ಈ ಸಂದರ್ಭದಲ್ಲಿ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ ನೆನಪಾಗುತ್ತದೆ. ಊರಿಗೆ ಆಗ ಅರಿಕೊಠಾರವೆಂಬ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರನ್ನಿಟ್ಟದ್ದು 1818ರಲ್ಲಿ. ಬಸದಿಯನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ. ನೀಲಗಿರಿಯವರೆಗಿನ ಅವನ ದಂಡಯಾತ್ರೆಗಳನ್ನು ಹೇಳಿದ ಶಾಸನ, ಬಂಡವಾಳ ಕಳೆದುಕೊಂಡ ವರ್ತಕನಿಗೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ, ಅಧಿಕಾರ ಕಳೆದುಕೊಂಡ ಕಿರಾತನಿಗೂ, ಕೆಲಸವಿಲ್ಲದ ಸೇವಕನಿಗೂ ಅವರವರು ಕಳೆದುಕೊಂಡದ್ದನ್ನು ಅವನು ಕೊಟ್ಟನೆಂದು ಹೇಳುತ್ತದೆ. ಪ್ರಶಸ್ತಿಯ ಅತಿಶಯವನ್ನು ಕಳೆದರೂ ಉಳಿಯುವುದು ಆ ಪಟ್ಟಿಯ ವಿವೇಕ. ಪರಿಹಾರವೆಂದರೆ ಎಲ್ಲರಿಗೂ ಒಂದೇ ಮೊತ್ತವಲ್ಲ, ಕಳೆದುಹೋದ ಬದುಕಿನ ಉಪಕರಣ. ನೆರೆಯ ದಡದಿಂದ ಕುಟುಂಬಗಳನ್ನು ಮೇಲಕ್ಕೆ ಸಾಗಿಸುವಾಗ ಕೊಡಬೇಕಾದದ್ದು ಮೂವತ್ತು ನಲವತ್ತರ ನಿವೇಶನ ಮಾತ್ರವಲ್ಲ. ದನಕ್ಕೆ ಎಡೆ, ಕೆಲಸಕ್ಕೆ ಹತ್ತಿರದ ದಾರಿ. ಹಳೇ ಊರುಗಳು ಇನ್ನೂ ಹಳೇ ಊರುಗಳಾಗಿ ಉಳಿದಿರುವುದಕ್ಕೆ ಕಾರಣ ಇದರ ಕೊರತೆಯೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಹೊಸ ಸಂಗತಿ. ಕಬಿನಿಯ ನೀರನ್ನು ಏತದಿಂದ ಎತ್ತಿ ಈ ಸೀಮೆಯ ಕೆರೆಗಳನ್ನು ತುಂಬಿಸುವ ಯೋಜನೆ ಬಂದಿದೆ. ದಶಕಗಳಿಂದ ಒಣಗಿದ್ದ ಕೆರೆಗಳಲ್ಲಿ ನೀರು ನಿಂತದ್ದನ್ನು ನೋಡಿ ಕಣ್ಣು ತುಂಬಿಕೊಂಡವರಲ್ಲಿ ನಾನೂ ಒಬ್ಬ. ಬಾವಿಗಳಿಗೆ ಜೀವ ಬಂದಿದೆ. ಆದರೆ ಬರಿದಾದ ಕೆರೆ ಹಿಂಗಾರಿನ ಮೊದಲ ಜಡಿಮಳೆಯನ್ನು ನುಂಗಿಕೊಳ್ಳುತ್ತಿತ್ತು. ಮೊದಲೇ ತುಂಬಿದ ಕೆರೆ ಅದೇ ಮಳೆಯನ್ನು ನೇರ ಕೋಡಿಗೆ ಕಳುಹಿಸುತ್ತದೆ. ಇಪ್ಪತ್ತು ವರ್ಷ ಹರಿಯದ ಕೋಡಿಗಳು ಇನ್ನು ಮೇಲೆ ಆಗಾಗ ಹರಿಯುತ್ತವೆ, ಅದೂ ಮನೆಗಳು ಬಂದ ಮೇಲೆ.

ನಮ್ಮ ಸಾಹಿತ್ಯಾಭ್ಯಾಸದ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ಕೆರೆಗೆ ಹಾರದ ಭಾಗೀರಥಿಯಿಂದ ಹಿಡಿದು ಶಾಸನಗಳ ಕೆರೆ ಕಟ್ಟಿಸಿದ ಪುಣ್ಯವಂತರವರೆಗೆ ನಾವು ಪಾಠ ಮಾಡುವುದೆಲ್ಲ ನೀರು ಬರಲಿ, ನೀರು ನಿಲ್ಲಲಿ ಎಂಬ ಹಂಬಲದ ಕಥನ. ಬಂದ ನೀರನ್ನು ಕಳುಹಿಸಿಕೊಡುವ ವಿವೇಕದ ಕಥನ ಗಾದೆ, ಬೈಗುಳ, ಹೊಲದ ಹೆಸರುಗಳಲ್ಲಿ ಚದರಿಕೊಂಡಿದೆ. ಕಳೆದ ಮೂರು ವರ್ಷಗಳಿಂದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಿರುಪ್ರಬಂಧಕ್ಕೆ ಇದನ್ನೇ ಸೂಚಿಸುತ್ತಿದ್ದೇನೆ: ತಮ್ಮ ಊರಿನ ಕೋಡಿ ಎಲ್ಲಿದೆ, ಅಲ್ಲಿಂದ ಹೊರಟ ಹಳ್ಳಕ್ಕೆ ಏನು ಹೆಸರು, ಆ ಹಳ್ಳ ಟಿಪ್ಪಣಿಯಲ್ಲಿ ಎಷ್ಟು ಅಗಲ, ನೆಲದ ಮೇಲೆ ಎಷ್ಟು ಅಗಲ, ಕೊನೆಯ ನೀರಗಂಟಿ ಯಾರಿದ್ದರು, ಅವರ ಮನೆಯವರು ಏನು ಹೇಳುತ್ತಾರೆ. ಪುಸ್ತಕ ನೆನೆಸಿಕೊಂಡು ಬಂದಿದ್ದ ವಿದ್ಯಾರ್ಥಿನಿಯೇ ಮೊದಲು ಮಾಡಿದವಳು. ಅವಳ ಓಣಿಯ ಹಳ್ಳ ಹಳೆಯ ಟಿಪ್ಪಣಿಯಲ್ಲಿ ಎರಡು ಗಾಡಿ ಜೋಡಿಯಾಗಿ ಹೋಗುವಷ್ಟು ಅಗಲವಿದೆ. ಈಗ ಅಲ್ಲಿರುವುದು ಒಂದೂವರೆ ಅಡಿಯ ಸಿಮೆಂಟಿನ ಚರಂಡಿ. ಹಳ್ಳಕ್ಕೆ ಹೆಸರಿತ್ತು, ಅವಳ ಅಜ್ಜಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಆ ಹೆಸರನ್ನು ಅವಳ ಒಪ್ಪಿಗೆಯಿಲ್ಲದೆ ಇಲ್ಲಿ ಬರೆಯುವುದು ಸರಿಯಲ್ಲ. ಕಿರುಪ್ರಬಂಧದ ಪ್ರತಿ ನಮ್ಮ ವಿಭಾಗದಲ್ಲಿದೆ. ಗ್ರಂಥಾಲಯದ ದಂಡವನ್ನು ಕೊನೆಗೆ ನಾನೇ ಕಟ್ಟಿ, ಆ ಉಬ್ಬಿದ ಪುಸ್ತಕವನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.